ಬಂಡೆಯ ಬಿರುಕನ್ನೇ ನಂಬಿದ ಊರು

ಗುರುವಾರ

ಕ್ರೈಸ್ತರ ಅಸೆನ್ಶನ್ ಹಬ್ಬ ಯಾವಾಗಲೂ ಗುರುವಾರವೇ ಬರುತ್ತದೆ. ಶುಕ್ರವಾರಕ್ಕೊಂದು ರಜೆ ಹಾಕಿಬಿಟ್ಟರೆ ಭಾನುವಾರದವರೆಗೆ ಬಿಡುವು. ಹಾಗಾಗಿ ಆ ವಾರ ಫ್ರಾನ್ಸಿನಲ್ಲಿ ಅರ್ಧ ದೇಶವೇ ಸಮುದ್ರದ ಕಡೆಗೆ ಕಾರು ತಿರುಗಿಸಿರುತ್ತದೆ. ನಾವು ತುಲೂಸ್‌ನಿಂದ ಗುಡ್ಡದ ಕಡೆಗೆ ಹೊರಟೆವು. ನಾವು ಅಂದರೆ ನಾನು ಮತ್ತು ಅಪ್ಪ. ಅಪ್ಪ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯಲ್ಲಿ ಭತ್ತ, ಅಡಿಕೆ ನೋಡಿಕೊಂಡು ಬಂದವರು. ಒಂದು ಕಾಲದಲ್ಲಿ ಹಸಿರು ಶಾಲು ಹೊದ್ದು ರೈತ ಸಂಘದ ಸಭೆಗಳಿಗೆ ಲಾರಿಯಲ್ಲಿ ಓಡಾಡಿದವರು. ತುಲೂಸ್‌ನ ಇಟ್ಟಿಗೆ ಚರ್ಚುಗಳು, ವಿಮಾನದ ಮ್ಯೂಸಿಯಂ ಎಲ್ಲ ತೋರಿಸಿ ಮುಗಿದಿತ್ತು. “ಪೇಟೆ ಸಾಕು. ಇವರ ರೈತರು ಎಲ್ಲಿರ್ತಾರೆ, ಅದನ್ನ ತೋರಿಸು” ಅಂದರು. ಹಾಗೆ ಹೊಳೆದದ್ದು ಆವೆರೋನ್ ಜಿಲ್ಲೆಯ ರೋಕ್‌ಫೋರ್, ಅದೇ ಹೆಸರಿನ ಕುರಿಹಾಲಿನ ನೀಲಿ ಚೀಸಿನ ಊರು.

ಆಲ್ಬಿಯವರೆಗೆ ಹೆದ್ದಾರಿ. ಅಲ್ಲಿಂದ ಮುಂದೆ ಡಿ-999 ಎಂಬ ಎರಡು ಲೇನಿನ ರಸ್ತೆ, ಹೆಚ್ಚುಕಡಿಮೆ ಆಗುಂಬೆಯಷ್ಟೇ ತಿರುವು. ಸೆಂ ಸೆರ್ನಾಂ ಎಂಬ ಸಣ್ಣ ಊರಿನಲ್ಲಿ ಕಾಲು ಚಾಚಲು ಇಳಿದೆವು. ಅಲ್ಲೊಬ್ಬ ಹುಡುಗನ ಪ್ರತಿಮೆ ಇದೆ. 1800ರ ಜನವರಿಯ ಚಳಿಯಲ್ಲಿ ಕಾಡಿನಿಂದ ಈ ಊರಿನ ಅಂಚಿಗೆ ಬಂದು ಸಿಕ್ಕವನು, ಹನ್ನೆರಡರ ಆಸುಪಾಸಿನ ವಯಸ್ಸು, ಮಾತೇ ಬಾರದವನು. ಆಮೇಲೆ ವಿಕ್ತೋರ್ ಎಂದು ಹೆಸರಿಟ್ಟರು. ಪ್ಯಾರಿಸಿನಲ್ಲಿ ಇತಾರ್ ಎಂಬ ವೈದ್ಯ ವರ್ಷಗಟ್ಟಲೆ ಅವನಿಗೆ ಮಾತು ಕಲಿಸಲು ನೋಡಿದ. ಕೆಲವೇ ಪದಗಳ ಆಚೆ ಆಗಲಿಲ್ಲ. ಅಪ್ಪ ಪ್ರತಿಮೆಯ ಮುಂದೆ ಸ್ವಲ್ಪ ಹೊತ್ತು ನಿಂತು, “ಕಾಡಲ್ಲಿ ಆರಾಮಿದ್ದ ಅನ್ಸುತ್ತೆ” ಅಂದು ಕಾರು ಹತ್ತಿದರು.

ಸೆಂತಾಫ್ರಿಕ್ ದಾಟುವವರೆಗೆ ಮಣ್ಣು ಅಲ್ಲಲ್ಲಿ ಕೆಂಪು. ಆಮೇಲೆ ಬಣ್ಣವೇ ಬದಲಾಯಿತು. ಬೂದು ಬಿಳಿ ಸುಣ್ಣಕಲ್ಲಿನ ಗೋಡೆಗಳು, ಮೇಲೆ ಚಪ್ಪಟೆ ಬಯಲು, ಕೆಳಗೆ ಹಸಿರು ಇಳಿಜಾರು. ಆ ಗೋಡೆಗಳಲ್ಲೊಂದರ ಬುಡಕ್ಕೆ ಒರಗಿಕೊಂಡಂತೆ ರೋಕ್‌ಫೋರ್ ಕಂಡಿತು. ಪೂರ್ತಿ ಹೆಸರು ರೋಕ್‌ಫೋರ್ ಸ್ಯುರ್ ಸುಲ್ಜೋಂ. ಸುಲ್ಜೋಂ ಅಂದರೆ ಕಣಿವೆಯ ತಳದಲ್ಲಿ ಹರಿಯುವ ಪುಟ್ಟ ಹಳ್ಳ. ಅದು ಸೆರ್ನೋಂಗೆ ಸೇರಿ, ಸೆರ್ನೋಂ ತಾರ್ನ್ ನದಿಗೆ ಸೇರುತ್ತದೆ.

ಚಿತ್ರಪಟದ ಫ್ರೆಂಚ್ ಹಳ್ಳಿಯನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ನಿರಾಸೆಯಾಗುತ್ತದೆ. ಹೂಕುಂಡದ ಕಿಟಕಿಗಳಿಗಿಂತ ಕಂಪನಿಗಳ ಬೋರ್ಡುಗಳೇ ಹೆಚ್ಚು. ಬಂಡೆಗೆ ಬೆನ್ನು ಹಚ್ಚಿ ನಿಂತ ಎತ್ತರದ ಕಟ್ಟಡಗಳು, ಸಾಮಾನು ಇಳಿಸುವ ದೊಡ್ಡ ಬಾಗಿಲುಗಳು, ಒಂದು ಚರ್ಚು, ಒಂದು ಮುಖ್ಯ ರಸ್ತೆ. ಗಾಜು ಇಳಿಸಿದ ಕೂಡಲೇ ನೆಲಮಾಳಿಗೆಯ ತೇವದ, ಅಣಬೆಯ ವಾಸನೆ. ನನಗೆ ಊರು ಹೀಗಿರುವುದೇ ಹಿಡಿಸಿತು. ದುಡಿಯುವ ಊರು, ಪೋಸು ಕೊಡುವುದಿಲ್ಲ.

ಜನಸಂಖ್ಯೆ ಆರುನೂರರ ಆಸುಪಾಸು. ಆದರೂ ಇದೊಂದು ಕೊಮ್ಯೂನ್. ಅದಕ್ಕೊಬ್ಬ ಮೇಯರ್, ಒಂದು ಚುನಾಯಿತ ಮಂಡಳಿ, ಬಾವುಟ ಹಾರುವ ಒಂದು ಕಚೇರಿ. ಇಡೀ ಫ್ರಾನ್ಸಿನಲ್ಲಿ ಇಂಥ ಕೊಮ್ಯೂನ್‌ಗಳು ಸುಮಾರು 35,000. “ಆರುನೂರು ಜನಕ್ಕೆ ಒಬ್ಬ ಮೇಯರ್ರಾ? ನಮ್ಮ ಪಂಚಾಯ್ತೀಲಿ ಒಂದು ವಾರ್ಡಾಗಲ್ಲ” ಅಂತ ಅಪ್ಪ ನಕ್ಕರು.

ಉಳಿದುಕೊಂಡದ್ದು ಕಣಿವೆಯ ಕೆಳಗಿನ ಒಂದು ತೋಟದ ಮನೆಯಲ್ಲಿ. ರಾತ್ರಿ ಒಂಬತ್ತೂವರೆಯಾದರೂ ಬೆಳಕಿತ್ತು. ಮನೆಯೊಡತಿ ಊಟದ ಕೊನೆಗೆ ಚೀಸಿನ ತಟ್ಟೆ ತಂದಿಟ್ಟರು. ಅಪ್ಪ ಮಾಂಸ ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಆಕೆ ಪ್ರಾಮಾಣಿಕರು, ತಾವಾಗಿಯೇ ಹೇಳಿದರು: ಇಲ್ಲಿ ಹಾಲು ಒಡೆಯಲು ಹಾಕುವ ರೆನ್ನೆಟ್ ಕುರಿಮರಿಯ ಹೊಟ್ಟೆಯಿಂದ ತೆಗೆದದ್ದು, ನಿಮ್ಮ ತಂದೆಗೆ ನಡೆಯುತ್ತದೆಯೋ ಇಲ್ಲವೋ ಕೇಳಿ. ಅಪ್ಪ ತಟ್ಟೆಯನ್ನು ನನ್ನ ಕಡೆ ಸರಿಸಿ, ಬ್ರೆಡ್ಡಿಗೆ ಜೇನುತುಪ್ಪ, ಅಕ್ರೋಟ್ ಹಾಕಿಕೊಂಡು ತಿಂದರು. ಜಗತ್ಪ್ರಸಿದ್ಧ ಚೀಸಿನ ಊರಿಗೆ ಬಂದು ಅದರ ಒಂದು ಚೂರನ್ನೂ ಬಾಯಿಗಿಡದೆ ಹೋದವರು ಎಷ್ಟು ಜನರೋ, ನಮ್ಮಪ್ಪ ಒಬ್ಬರಂತೂ ಹೌದು. ಆದರೆ ಅದು ಹೇಗಾಗುತ್ತದೆ ಎಂದು ತಿಳಿಯುವ ಕುತೂಹಲ ನನಗಿಂತ ಅವರಿಗೇ ಜಾಸ್ತಿ.

ಶುಕ್ರವಾರ

ಈ ಊರಿನ ಚರಿತ್ರೆ ಶುರುವಾಗುವುದು ಒಂದು ಕುಸಿತದಿಂದ. ಊರಿನ ಬೆನ್ನಿಗಿರುವ ಗುಡ್ಡದ ಹೆಸರು ಕೊಂಬಾಲು. ಮೇಲಿನ ಪದರ ಜುರಾಸಿಕ್ ಕಾಲದ ಸುಣ್ಣಕಲ್ಲು, ಅದರಡಿ ಜೇಡಿಯಂಥ ಮೆದು ಪದರ. ಸುಣ್ಣಕಲ್ಲು ಮಳೆನೀರನ್ನು ಕುಡಿದು ಕೆಳಗೆ ಬಿಡುತ್ತದೆ, ಜೇಡಿ ಬಿಡುವುದಿಲ್ಲ. ಹಾಗೆ ನೆನೆದ ಜೇಡಿಯ ಮೇಲೆ ಗುಡ್ಡದ ಅಂಚು ಬಹಳ ಹಿಂದೆ ಜಾರಿ, ಒಡೆದು, ರಾಶಿ ಬಿತ್ತು. ಸುಮಾರು 2 ಕಿಲೋಮೀಟರ್ ಉದ್ದ, 300 ಮೀಟರ್ ಅಗಲದ ಆ ಬಂಡೆರಾಶಿಯೊಳಗೆ ಕಲ್ಲುಗಳ ನಡುವೆ ಸಂದುಗಳು ಉಳಿದವು. ಗುಡ್ಡದ ಒಳಗಿನಿಂದ ಗಾಳಿ ಆ ಸಂದುಗಳ ಮೂಲಕ ಬರುತ್ತದೆ. ಈ ಗಾಳಿದಾರಿಗಳನ್ನು ಇಲ್ಲಿ ಫ್ಲೂರಿನ್ ಅನ್ನುತ್ತಾರೆ. ಊರಿನ ಪೂರ್ತಿ ವ್ಯವಹಾರ ನಿಂತಿರುವುದು ಈ ಸಂದುಗಳ ಮೇಲೆ.

ಬೆಳಗ್ಗೆ ದೊಡ್ಡ ಕಂಪನಿಯೊಂದರ ಗುಹೆಗಳಿಗೆ ಟಿಕೆಟ್ ತೆಗೆದುಕೊಂಡೆವು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ಒಳಗೆ 10 ಡಿಗ್ರಿಯ ಹತ್ತಿರ. ವರ್ಷವಿಡೀ 8ರಿಂದ 12ರ ನಡುವೆಯೇ ಇರುತ್ತದಂತೆ, ತೇವಾಂಶ ಶೇ. 95ರ ಸುಮಾರು. ಮೆಟ್ಟಿಲು ಇಳಿದಷ್ಟೂ ಇನ್ನೊಂದು ಅಂತಸ್ತು. ರಸ್ತೆಯಿಂದ ನೋಡಿದಾಗ ಮೂರು ನಾಲ್ಕು ಮಹಡಿ ಕಂಡ ಕಟ್ಟಡ ನೆಲದ ಕೆಳಗೆ ಅದಕ್ಕಿಂತ ಆಳಕ್ಕೆ ಇಳಿದಿರುತ್ತದೆ. ಮೊದಲರ್ಧದಲ್ಲಿ ಬಣ್ಣದ ದೀಪ, ಧ್ವನಿಮುದ್ರಿತ ಕಥೆ: ಹುಡುಗಿಯ ಹಿಂದೆ ಹೋದ ಕುರುಬ ಬುತ್ತಿಯನ್ನು ಗವಿಯಲ್ಲೇ ಮರೆತ, ತಿರುಗಿ ಬಂದಾಗ ಬ್ರೆಡ್ಡೂ ಗಿಣ್ಣೂ ಬೂಷ್ಟು ಹಿಡಿದಿದ್ದವು, ಹಸಿವಿಗೆ ತಿಂದ, ರುಚಿಯಾಗಿತ್ತು. ಆ ಭಾಗ ಇಲ್ಲದಿದ್ದರೂ ನಡೆಯುತ್ತಿತ್ತು.

ಆಮೇಲೆ ಗೈಡ್ ಒಂದು ಮೂಲೆಗೆ ಕರೆದೊಯ್ದಳು. ಗೋಡೆಯಲ್ಲಿ ಒಂದು ಸೀಳು. ಎತ್ತರ ಆಳುದ್ದ ಇರಬಹುದು, ಅಗಲ ಒಬ್ಬ ಮನುಷ್ಯ ಅಡ್ಡಡ್ಡ ತೂರುವಷ್ಟು. ಬಾಯಿಗೆ ಮರದ ಕದ. ಕದ ಅರ್ಧ ತೆರೆದಿತ್ತು. ಚಳಿಗೆಂದು ಅಪ್ಪ ತಮ್ಮ ಹಳೆಯ ಹಸಿರು ಶಾಲನ್ನು ಹೊದ್ದುಕೊಂಡಿದ್ದರು. ಸೀಳಿನ ಮುಂದೆ ನಿಂತಾಗ ಅದರ ಅಂಚು ಮೆಲ್ಲಗೆ ಅಲುಗಲು ಶುರುವಾಯಿತು. ಫ್ಯಾನಿಲ್ಲ, ಕಿಟಕಿಯಿಲ್ಲ. ಅಂಗೈ ಹಿಡಿದರೆ ಒದ್ದೆ ಬಟ್ಟೆ ತಾಗಿದ ಹಾಗೆ. ಒಳಗಿನ ಕಲ್ಲು ಸದಾ ತೇವ, ಅದರ ನಡುವೆ ಹಾದು ಬರುವ ಗಾಳಿ ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ಹೊರಗಿನ ಗಾಳಿಗಿಂತ ಇದು ಭಾರ, ಹಾಗಾಗಿ ಕೆಳಗಿಳಿದು ಗುಹೆಗೆ ಸೇರುತ್ತದೆ. ಚಳಿಗಾಲದಲ್ಲಿ ಹೊರಗೇ ತಂಪು ಹೆಚ್ಚಾದಾಗ ಗಾಳಿಯ ದಿಕ್ಕು ತಿರುಗುತ್ತದೆ. ಕದವನ್ನು ಎಷ್ಟು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ನೋಡಿಕೊಳ್ಳುವುದು ಗುಹೆಯ ಮೇಸ್ತ್ರಿಯ ಕೆಲಸ. “ಅಡಿಕೆ ಒಣಗಿಸೋವಾಗ ಗಾಳಿ ನೋಡಿದ ಹಾಗೇ ಆಯ್ತು” ಅಂದರು ಅಪ್ಪ. ನಾನು ಅದನ್ನು ಫ್ರೆಂಚಿನಲ್ಲಿ ಹೇಳಲು ಹೋಗಲಿಲ್ಲ.

ಓಕ್ ಹಲಗೆಗಳ ಸಾಲು ಸಾಲು. ಹಲಗೆಯ ಮೇಲೆ ಬಿಳಿ ಚೀಸಿನ ಗಾಲಿಗಳನ್ನು ಅಡ್ಡ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿದ್ದರು, ಒಂದಕ್ಕೊಂದು ತಾಗದಂತೆ. ಒಂದೊಂದು ಎರಡೂವರೆಯಿಂದ ಮೂರು ಕಿಲೋ. ಒಂದಕ್ಕೆ ಹನ್ನೆರಡು ಲೀಟರಿನಷ್ಟು ಕುರಿಹಾಲು ಬೇಕು, ಅದೂ ಹಸಿಹಾಲು, ಕಾಯಿಸಿದ್ದಲ್ಲ. ಹಾಲು ಒಡೆಸಿ, ಗಟ್ಟಿ ಕತ್ತರಿಸಿ, ಅಚ್ಚಿಗೆ ತುಂಬಿ, ಒತ್ತದೆ ನೀರು ಬಸಿಯಲು ಬಿಟ್ಟು, ಒಣ ಉಪ್ಪು ಸವರುತ್ತಾರೆ. ಆಮೇಲೆ ಉದ್ದ ಸೂಜಿಗಳಿಂದ ಚುಚ್ಚುತ್ತಾರೆ. ಆ ತೂತುಗಳಿಂದ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಗುಹೆಯ ಗಾಳಿ ಒಳಸೇರುತ್ತದೆ. ಹಾಲಿಗೆ ಮೊದಲೇ ಬೆರೆಸಿದ್ದ ಪೆನಿಸಿಲಿಯಂ ರೋಕ್‌ಫೋರ್ಟಿ ಎಂಬ ಬೂಷ್ಟು ಗಾಳಿ ಸಿಕ್ಕ ಕಡೆಯೆಲ್ಲ ನೀಲಿ ಹಸಿರಾಗಿ ಹಬ್ಬುತ್ತದೆ. ಈ ಬೂಷ್ಟನ್ನು ಹಿಂದೆ ರೈ ಹಿಟ್ಟಿನ ದೊಡ್ಡ ಬ್ರೆಡ್ಡಿನ ಮೇಲೆ ಬೆಳೆಸುತ್ತಿದ್ದರು. ಈಗ ಬಹಳಷ್ಟು ಪ್ರಯೋಗಾಲಯದಿಂದ ಬರುತ್ತದೆ, ಬ್ರೆಡ್ಡಿನ ಪದ್ಧತಿಯನ್ನು ಬಿಡದವರೂ ಇದ್ದಾರೆ.

ಜಾಹೀರಾತು ನೋಡಿದರೆ ಚೀಸು ತಿಂಗಳುಗಟ್ಟಲೆ ಈ ಗವಿಯಲ್ಲಿ ತಪಸ್ಸು ಮಾಡುತ್ತದೆ ಅನ್ನಿಸುತ್ತದೆ. ನಿಯಮ ಕೇಳುವುದು ಕನಿಷ್ಠ 14 ದಿನ ಮಾತ್ರ. ಆಮೇಲೆ ತವರದ ಹಾಳೆ ಸುತ್ತಿ, ಗಾಳಿ ತಪ್ಪಿಸಿ, ತಣ್ಣನೆಯ ಕೋಣೆಗಳಲ್ಲಿ ನಿಧಾನಕ್ಕೆ ಮಾಗಲು ಬಿಡುತ್ತಾರೆ. ಒಟ್ಟು 90 ದಿನಕ್ಕೆ ಕಡಿಮೆಯಿಲ್ಲ. ಗೈಡ್ ಇದನ್ನು ಮುಚ್ಚಿಡಲಿಲ್ಲ, ಆದರೆ ಒತ್ತಿ ಹೇಳಲೂ ಇಲ್ಲ.

ಹಾಳೆ ಸುತ್ತುವ ಕೆಲಸ ತಲೆಮಾರುಗಳ ಕಾಲ ಹೆಂಗಸರದು. ಗುಹೆಗಳಿಗೆ ಇಲ್ಲಿ ಕಬಾನ್ ಎನ್ನುವುದರಿಂದ ಅವರು ಕಬಾನಿಯೇರ್‌ಗಳು. ಗೋಡೆಯ ಮೇಲಿನ ಹಳೆಯ ಫೋಟೊಗಳಲ್ಲಿ ದಪ್ಪ ಉಣ್ಣೆ ಬಟ್ಟೆ, ಮರದ ಮೆಟ್ಟು, ಬಿಳಿ ಏಪ್ರನ್. ಬೇಸಿಗೆಯಲ್ಲೂ ಚಳಿಗಾಲದ ಉಡುಪಿನಲ್ಲಿ ಉಪ್ಪು ಕೆರೆಯುತ್ತ, ಗಾಲಿ ತಿರುಗಿಸುತ್ತ ದಿನ ಕಳೆದವರು. ಕುರುಬನ ಕಥೆಗೆ ಕೊಟ್ಟ ಬಣ್ಣದ ದೀಪದಲ್ಲಿ ಅರ್ಧವಾದರೂ ಇವರ ಮೇಲೆ ಬೀಳಬೇಕಿತ್ತು.

ಹೆಸರಿಗಾಗಿ ಈ ಊರು ನಡೆಸಿದ ಜಗಳ ಹೋದ ಶತಮಾನದ್ದಲ್ಲ. 1411ರಲ್ಲಿ ಆರನೇ ಚಾರ್ಲ್ಸ್ ಎಂಬ ದೊರೆ, ಇಲ್ಲಿನ ಗುಹೆಗಳಲ್ಲಿ ಚೀಸು ಮಾಗಿಸುವ ಹಕ್ಕು ಈ ಊರವರದೇ ಎಂದು ಸನದು ಬರೆದುಕೊಟ್ಟ. 1666ರಲ್ಲಿ ತುಲೂಸ್‌ನ ಪಾರ್ಲಮಾಂ, ಅಂದರೆ ಆಗಿನ ಉನ್ನತ ನ್ಯಾಯಾಲಯ, ಬೇರೆಡೆಯ ಚೀಸನ್ನು ರೋಕ್‌ಫೋರ್ ಎಂದು ಮಾರುವವರಿಗೆ ದಂಡ ಎಂದಿತು. 1925ರ ಜುಲೈ 26ರಂದು ಫ್ರಾನ್ಸಿನ ಸಂಸತ್ತು ಇದೊಂದು ಚೀಸಿಗೆಂದೇ ಕಾನೂನು ಮಾಡಿತು. ಮೂಲದ ಹೆಸರಿಗೆ ಇಂಥ ರಕ್ಷಣೆ ಪಡೆದ ಮೊದಲ ಚೀಸು ಇದು. 1961ರಲ್ಲಿ ಮಿಯೋ ಪಟ್ಟಣದ ನ್ಯಾಯಾಲಯ ಇನ್ನೂ ಖಚಿತವಾಗಿ ಹೇಳಿತು: ಚೀಸು ಮಾಗುವುದು ಕೊಂಬಾಲು ಗುಡ್ಡದ ಕುಸಿದ ಬಂಡೆಗಳ ಒಳಗೇ ಆಗಬೇಕು. ಕಾರ್ಸಿಕಾ ದ್ವೀಪದಲ್ಲಿ, ಪಿರೆನೀಸ್ ಬೆಟ್ಟಗಳಲ್ಲಿ ಒಡೆಸಿದ ಚೀಸು ಕೂಡ ಬಹುಕಾಲ ಮಾಗಲು ಇಲ್ಲಿಗೇ ಬರುತ್ತಿತ್ತು. ಈಗ ಹಾಲೂ ಸುತ್ತಲಿನ ಜಿಲ್ಲೆಗಳದೇ, ಅದೂ ಲಕೋನ್ ತಳಿಯ ಕುರಿಯದೇ ಆಗಬೇಕು. ರೋಕ್‌ಫೋರ್ ಎಂದು ಬರೆಯುವ ಹಕ್ಕುಳ್ಳ ತಯಾರಕರು ಇವತ್ತು ಏಳೇ ಏಳು. ಹಾಲು ಕೊಡುವ ಕುಟುಂಬಗಳು ಸಾವಿರಕ್ಕೂ ಹೆಚ್ಚು.

“ಅಂದ್ರೆ ಹೆಸರು ಯಾರದ್ದು? ಕಂಪನೀದಾ, ರೈತರದ್ದಾ?” ಅಪ್ಪ ಕೇಳಿದರು. ಎರಡೂ ಕಡೆಯವರು ಕೂತು ಮಾತಾಡುವ ಒಂದು ಒಕ್ಕೂಟ 1930ರಿಂದ ಇದೆ, ಪೊಟ್ಟಣದ ಮೇಲಿನ ಕೆಂಪು ಕುರಿಯ ಗುರುತು ಅದರದ್ದು ಎಂದೆ. “ಕೂತು ಮಾತಾಡ್ತಾರೆ ಸರಿ. ರೇಟು ಯಾರು ಹೇಳ್ತಾರೆ?” ಎಂದು ಮತ್ತೆ ಕೇಳಿದರು. ತಯಾರಕರಲ್ಲಿ ಅತಿ ದೊಡ್ಡದು ಇವತ್ತು ಲಾಕ್ತಾಲಿಸ್ ಎಂಬ ಜಾಗತಿಕ ಹಾಲು ಕಂಪನಿಯ ಕೈಯಲ್ಲಿದೆ. ಪ್ರಶ್ನೆಗೆ ಉತ್ತರ ಅಷ್ಟರಲ್ಲೇ ಇದೆ.

ಕೊನೆಗೆ ರುಚಿ ನೋಡಲು ಮೂರು ಚೂರು ಕೊಟ್ಟರು. ಇಬ್ಬರ ಪಾಲೂ ನನಗೇ. ಮೊದಲು ಬೆಣ್ಣೆ, ಹಿಂದೆಯೇ ಉಪ್ಪು, ಆಮೇಲೆ ಅಂಗುಳಿನ ಹಿಂಭಾಗದಲ್ಲಿ ಒಂದು ಚುರುಕು, ಅದು ಮೂಗಿಗೇರುತ್ತದೆ. ಆರನೆಯ ಚೂರಿಗೆ ಸಾಕಾಯಿತು. ಉಪ್ಪು, ಕೊಬ್ಬು ಹೆಚ್ಚೆಂದು ನ್ಯೂಟ್ರಿಸ್ಕೋರ್ ಎಂಬ ಪೌಷ್ಟಿಕಾಂಶದ ಪಟ್ಟಿಯಲ್ಲಿ ಇದಕ್ಕೆ ಕಟ್ಟಕಡೆಯ ‘ಇ’ ದರ್ಜೆ ಬಂದಾಗ ಊರವರು ಕೆಂಡವಾಗಿದ್ದರು. ಅವರ ಸಿಟ್ಟೂ ಅರ್ಥವಾಗುತ್ತದೆ, ಪಟ್ಟಿಯ ಲೆಕ್ಕವೂ ತಪ್ಪಲ್ಲ.

ಮಧ್ಯಾಹ್ನ ಊರಿನ ಹಿಂದಿನ ಏಣಿಗಳ ಕಾಲುದಾರಿ ಹಿಡಿದೆವು. ಬಂಡೆಯ ಸಂದಿನಲ್ಲಿ ಕಬ್ಬಿಣದ ಏಣಿಗಳನ್ನು ನೆಟ್ಟಿದ್ದಾರೆ, ಅವನ್ನು ಹತ್ತಿದರೆ ಕೊಂಬಾಲು ಬಯಲು. ಮೇಲೆ ಒಂದು ಹನಿ ನೀರಿಲ್ಲ. ಒಣಹುಲ್ಲು, ಜುನಿಪರ್ ಪೊದೆ, ಕಲ್ಲು. ಬಿದ್ದ ಮಳೆಯೆಲ್ಲ ಒಳಗಿಳಿದು ಜೇಡಿ ಪದರ ಸಿಕ್ಕಲ್ಲಿ ಊಟೆಯಾಗಿ ಹೊರಬರುತ್ತದೆ, ಊರುಗಳಿರುವುದೂ ಆ ಸಾಲಿನಲ್ಲೇ. ಕಣಿವೆಯ ಮೇಲೆ ರಣಹದ್ದುಗಳು ಸುತ್ತುತ್ತಿದ್ದವು. ಈ ಸೀಮೆಯಲ್ಲಿ ಪೂರ್ತಿ ಅಳಿದಿದ್ದ ಅವನ್ನು 1981ರಿಂದ ತಂದು ಬಿಟ್ಟರು. ಈಗ ಸತ್ತ ಕುರಿಗಳನ್ನು ಕೆಲವು ರೈತರು ಗೊತ್ತುಮಾಡಿದ ಜಾಗದಲ್ಲಿ ಇಟ್ಟುಬಿಡುತ್ತಾರೆ, ಹದ್ದುಗಳು ಮುಗಿಸುತ್ತವೆ. ದನಕ್ಕೆ ಕೊಟ್ಟ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿಯಿಂದ ನಮ್ಮ ರಣಹದ್ದುಗಳು ಹೋದದ್ದನ್ನು ಅಪ್ಪನಿಗೆ ಹೇಳಬೇಕಾಗಿರಲಿಲ್ಲ. ಅವರು ತಲೆ ಎತ್ತಿ ನೋಡುತ್ತಲೇ ಇದ್ದರು.

ಶನಿವಾರ

ಮನೆಯೊಡತಿಯ ಪರಿಚಯದ ರೈತರ ಮನೆಗೆ ಬೆಳಗಿನ ಹಾಲು ಕರೆಯುವ ಹೊತ್ತಿಗೆ ಹೋದೆವು. ಲಕೋನ್ ಕುರಿಗಳಿಗೆ ತಲೆ, ಹೊಟ್ಟೆಯ ಮೇಲೆ ಉಣ್ಣೆಯೇ ಇಲ್ಲ. ಉದ್ದ ಮುಖ, ಅಡ್ಡಕ್ಕೆ ಚಾಚಿದ ಕಿವಿ. ಸಾಲಾಗಿ ಬಂದು ಕಟ್ಟೆಯ ಮೇಲೆ ನಿಂತು ಮೇವಿಗೆ ಬಾಯಿ ಹಾಕುತ್ತವೆ, ಹಿಂದಿನಿಂದ ಯಂತ್ರ ಹಚ್ಚುತ್ತಾರೆ, ಒಂದೆರಡು ನಿಮಿಷದಲ್ಲಿ ಮುಗಿಯಿತು. ಚಳಿಗಾಲದಲ್ಲಿ ಮರಿ ಹಾಕಿ, ಸುಮಾರು ಒಂದು ತಿಂಗಳು ಮರಿಗೆ ಕುಡಿಸಿದ ಮೇಲೆ ಹಾಲು ಡೈರಿಗೆ. ಬೇಸಿಗೆ ಮುಗಿಯುವ ಹೊತ್ತಿಗೆ ಕೆಚ್ಚಲು ಬತ್ತುತ್ತದೆ. ಆಗ ಗುಹೆಗಳೂ ಖಾಲಿ. ಚೀಸು ತುಂಬಿದ ಹಲಗೆ ನೋಡಬೇಕಿದ್ದರೆ ವಸಂತದಲ್ಲೇ ಬರಬೇಕು. ಹುಲ್ಲಿರುವ ಕಾಲದಲ್ಲಿ ಕುರಿಗಳನ್ನು ದಿನಾ ಮೇಯಲು ಬಿಡಲೇಬೇಕು, ಮೇವಿನ ಮುಕ್ಕಾಲು ಪಾಲು ಸ್ವಂತ ಜಮೀನಿನದೇ ಆಗಬೇಕು ಎಂಬ ನಿಯಮವಿದೆ. ಬರಗಾಲ ಬಂದರೆ ಈ ಮುಕ್ಕಾಲೇ ಕುತ್ತಿಗೆಗೆ ಬರುತ್ತದೆ ಎಂದರು ಆ ರೈತ. ಅಪ್ಪ ಕುರಿಯ ಬೆನ್ನು ಸವರಿ, ಹಲ್ಲು ನೋಡಿ, ಗೊರಸು ನೋಡಿದರು. ಇಬ್ಬರಿಗೂ ಭಾಷೆ ಬೇಕಾಗಲಿಲ್ಲ ಅನ್ನಲಾರೆ. ಎರಡು ಗಂಟೆ ನಡುವೆ ನಿಂತು ಅನುವಾದ ಮಾಡಿ ನನ್ನ ಗಂಟಲು ಒಣಗಿತ್ತು.

ಅಲ್ಲಿಂದ ಲಾರ್ಜಾಕ್ ಬಯಲಿಗೆ ಏರಿದೆವು. ಸಾವಿರ ಚದರ ಕಿಲೋಮೀಟರಿನಷ್ಟು ಸುಣ್ಣಕಲ್ಲಿನ ಹಾಸು, ಸಮುದ್ರಮಟ್ಟದಿಂದ ಸರಾಸರಿ ಎಂಟುನೂರು ಮೀಟರಿನ ಸುಮಾರು ಎತ್ತರ. ನೀರು ನಿಲ್ಲದ ನೆಲವಾದ್ದರಿಂದ ತಗ್ಗಿಗೆ ಕಲ್ಲು ಹಾಸಿ ಕುರಿಗಳಿಗೆ ಹೊಂಡ ಮಾಡಿಕೊಂಡಿದ್ದಾರೆ. 12ನೇ ಶತಮಾನದಲ್ಲಿ ಟೆಂಪ್ಲರ್ ಎಂಬ ಸನ್ಯಾಸಿ ಯೋಧರು ಇಲ್ಲಿ ನೆಲೆಯೂರಿ ಕುರಿ, ಕುದುರೆ ಸಾಕಿದರು. ಅವರ ಪಂಥ ರದ್ದಾದ ಮೇಲೆ ಆಸ್ತಿ ಹಾಸ್ಪಿಟಲರ್ ಎಂಬ ಅಂಥದೇ ಇನ್ನೊಂದು ಪಂಥಕ್ಕೆ ಹೋಯಿತು. ಲಾ ಕೂವೆರ್ತ್ವಾರಾದ್ ಎಂಬ ಊರಿನ ಕೋಟೆಗೋಡೆ 15ನೇ ಶತಮಾನದಲ್ಲಿ ಅವರು ಕಟ್ಟಿಸಿದ್ದು. ಬಾಗಿಲುಗಳ ಮೇಲೆ ಕಾರ್ದಬೆಲ್ ಎಂಬ ಅಗಲದ ಮುಳ್ಳುಹೂವನ್ನು ಮೊಳೆ ಹೊಡೆದು ನಿಲ್ಲಿಸಿರುತ್ತಾರೆ, ಮಳೆ ಬರುವ ಮುಂಚೆ ಅದು ಮುಚ್ಚಿಕೊಳ್ಳುತ್ತದೆ. ಊರು ಚೆಂದ, ಅಂಗಡಿ ಜಾಸ್ತಿ, ನಾವು ಬೇಗ ಹೊರಟೆವು.

ಅಪ್ಪನಿಗೆ ನೋಡಬೇಕಿದ್ದದ್ದು ಬೇರೆ. ಲಾ ಕವಲ್ರಿಯಲ್ಲಿ 20ನೇ ಶತಮಾನದ ಆರಂಭದಿಂದ ಮೂರು ಸಾವಿರ ಹೆಕ್ಟೇರಿನ ಒಂದು ಸೈನಿಕ ಶಿಬಿರವಿದೆ. 1971ರ ಅಕ್ಟೋಬರಿನಲ್ಲಿ ರಕ್ಷಣಾ ಮಂತ್ರಿ ಮಿಷೆಲ್ ದೆಬ್ರೆ, ಅದನ್ನು 17,000 ಹೆಕ್ಟೇರಿಗೆ ವಿಸ್ತರಿಸುವುದಾಗಿ ಸಾರಿದರು. ಅಷ್ಟು ಜಾಗದಲ್ಲಿದ್ದ ರೈತರನ್ನು ಒಂದು ಮಾತೂ ಕೇಳಿರಲಿಲ್ಲ. 1972ರ ಮಾರ್ಚ್‌ನಲ್ಲಿ ಅದೇ ಲಾ ಕವಲ್ರಿಯಲ್ಲಿ ಒಬ್ಬರು ಹದಿನೈದು ದಿನ ಉಪವಾಸ ಕೂತರು. ಅವರು ಲಾಂಜಾ ದೆಲ್ ವಾಸ್ತೊ, 1937ರಲ್ಲಿ ವಾರ್ಧಾಕ್ಕೆ ಹೋಗಿ ಗಾಂಧಿಯವರ ಜೊತೆ ಇದ್ದು ಬಂದವರು. ಶಾಂತಿದಾಸ್ ಎಂದು ಹೆಸರಿಟ್ಟದ್ದು ಗಾಂಧೀಜಿಯೇ. ಉಪವಾಸ ನಡೆಯುತ್ತಿರುವಾಗಲೇ, ಮಾರ್ಚ್ 28ರಂದು, 103 ರೈತರು ಒಂದಂಗುಲ ಜಮೀನನ್ನೂ ಸೈನ್ಯಕ್ಕೆ ಮಾರುವುದಿಲ್ಲ ಎಂದು ಸಹಿ ಹಾಕಿದರು. ಅವರಲ್ಲಿ ಬಹುತೇಕರು ಚರ್ಚಿಗೆ ತಪ್ಪದೆ ಹೋಗುವ, ರಾಜಕೀಯದ ಗೋಜಿಲ್ಲದ, ರೋಕ್‌ಫೋರ್‌ಗೆ ಹಾಲು ಹಾಕುವ ಜನ. ಆ ಅಕ್ಟೋಬರಿನಲ್ಲಿ ಐಫೆಲ್ ಗೋಪುರದ ಕೆಳಗೆ ಕುರಿಗಳನ್ನು ಮೇಯಲು ಬಿಟ್ಟರು. ಮುಂದಿನ ವರ್ಷ ಟ್ರ್ಯಾಕ್ಟರುಗಳಲ್ಲಿ ಪ್ಯಾರಿಸಿಗೆ ಹೊರಟರು, ಪೊಲೀಸರು ಓರ್ಲೆಯಾಂನಲ್ಲಿ ತಡೆದರು. 1978ರಲ್ಲಿ ಏಳುನೂರು ಕಿಲೋಮೀಟರು ನಡೆದೇ ಹೋದರು.

ಲಾ ಬ್ಲಾಕಿಯೇರ್ ಎಂಬಲ್ಲಿ ಅವರು ಪರವಾನಗಿ ಇಲ್ಲದೆ ಕಟ್ಟಿದ ಕುರಿದೊಡ್ಡಿ ಈಗಲೂ ನಿಂತಿದೆ. ಸೈನ್ಯ ಕೇಳಿದ ಜಾಗದಲ್ಲೇ, 1973ರಿಂದ, ಊರೂರಿನಿಂದ ಬಂದ ಸ್ವಯಂಸೇವಕರು ಕಲ್ಲು ಕಲ್ಲು ಹೊತ್ತು ಕಮಾನು ಎಬ್ಬಿಸಿದರು. ತಮ್ಮ ತೆರಿಗೆಯಲ್ಲಿ ಶೇ. 3ರಷ್ಟನ್ನು ತಡೆಹಿಡಿದು ಬೆಂಬಲಿಗರು ಕಳಿಸಿದ ಹಣವೂ ಇದಕ್ಕೆ ಬಂತು. ಅಪ್ಪ ಗೋಡೆಗೆ ಕೈ ಇಟ್ಟು ನಿಂತರು. “ನಾವು ಊರ ಬಾಗಿಲಿಗೆ ಬೋರ್ಡು ಹಾಕಿದ್ವು, ಕೇಳದೇ ಅಧಿಕಾರಿಗಳು ಒಳಗೆ ಬರಬಾರ್ದು ಅಂತ. ಇವರು ದೊಡ್ಡಿನೇ ಕಟ್ಟಿದಾರೆ.”

1981ರಲ್ಲಿ ಮಿತೆರಾಂ ಅಧ್ಯಕ್ಷರಾದ ಕೂಡಲೇ ವಿಸ್ತರಣೆ ಕೈಬಿಟ್ಟರು. ನನ್ನ ಮಟ್ಟಿಗೆ ಕಥೆಯ ಸ್ವಾರಸ್ಯ ಅದರ ನಂತರ ಇದೆ. ಸೈನ್ಯ ಅಷ್ಟರಲ್ಲಿ ಕೊಂಡಿದ್ದ 6,300 ಹೆಕ್ಟೇರನ್ನು ಮರಳಿ ಮಾರಲಿಲ್ಲ. 1985ರಲ್ಲಿ ಸರ್ಕಾರ ಅದನ್ನು ರೈತರೇ ನಡೆಸುವ ಒಂದು ಸಂಘಕ್ಕೆ ದೀರ್ಘಾವಧಿ ಗುತ್ತಿಗೆಗೆ ಕೊಟ್ಟಿತು. ಸಂಘ ಜಮೀನನ್ನು ಒಬ್ಬೊಬ್ಬ ರೈತನಿಗೆ ಅವನು ನಿವೃತ್ತನಾಗುವವರೆಗೆ ಕೊಡುತ್ತದೆ. ಆಮೇಲೆ ಅದು ಇನ್ನೊಬ್ಬ ದುಡಿಯುವವನಿಗೆ.

ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹದ ಕಥೆ ಕೇಳಿಕೊಂಡೇ ಬೆಳೆದವರು ಅಪ್ಪ. 1974ರ ತಿದ್ದುಪಡಿಯಲ್ಲಿ ಉಳುವವನೇ ಹೊಲದೊಡೆಯ ಎಂದಾದಾಗ ಅಜ್ಜನ ಹೆಸರಿಗೆ ಗೇಣಿ ಜಮೀನು ಬಂದಿತ್ತು. ಇಲ್ಲಿ ಉಳುವವನು ಉಳುತ್ತಾನೆ, ಒಡೆಯ ಆಗುವುದಿಲ್ಲ. “ಹಂಗಾದ್ರೆ ಮಗನಿಗೆ ಬರಲ್ಲ?” “ಮಗ ಕುರಿ ಸಾಕ್ತೀನಿ ಅಂದ್ರೆ ಅವನೂ ಅರ್ಜಿ ಹಾಕಬಹುದು ಅಪ್ಪಾ. ಆದ್ರೆ ಮಾರೋಕೆ ಬರಲ್ಲ.” ಅವರು ಬಹಳ ಹೊತ್ತು ಯೋಚಿಸಿ ಹೇಳಿದ್ದು: “ಸೈಟು ಮಾಡೋಕೂ ಆಗಲ್ಲ ಹಂಗಾದ್ರೆ.” ನಮ್ಮೂರಿನ ರಸ್ತೆ ಬದಿಯ ಗದ್ದೆಗಳು ಏನಾಗಿವೆ ಎಂದು ಬಲ್ಲವರಿಗೆ ಆ ಮಾತಿನಲ್ಲಿ ಎಷ್ಟು ಮೆಚ್ಚುಗೆ, ಎಷ್ಟು ಅನುಮಾನ ಎಂದು ತಿಳಿಯುತ್ತದೆ. ನನಗೆ ಕೆಳಗಿನ ಊರಿನ ಹೆಸರು ನೆನಪಾಯಿತು. ಅದನ್ನೂ ಬಂಡೆಯ ಕೆಳಗೆ ದುಡಿಯುವಷ್ಟು ಕಾಲ ಬಳಸಬಹುದು, ಎತ್ತಿಕೊಂಡು ಬೇರೆಡೆಗೆ ಹೋಗುವಂತಿಲ್ಲ. ವ್ಯತ್ಯಾಸವೆಂದರೆ ಹೆಸರಿನ ಬೇಲಿಯೊಳಗೆ ದೊಡ್ಡ ಬಂಡವಾಳ ಸಲೀಸಾಗಿ ಬಂದು ಕೂತಿದೆ, ಜಮೀನಿನ ಬೇಲಿಯೊಳಗೆ ಬರಲು ಆಗಿಲ್ಲ.

ಶಿಬಿರ ಇನ್ನೂ ಇದೆ, ಹಳೆಯ ಅಳತೆಯಲ್ಲೇ. 2016ರಿಂದ ಫಾರಿನ್ ಲೀಜನ್, ಅಂದರೆ ವಿದೇಶಿಯರು ಸೇರುವ ಫ್ರೆಂಚ್ ಸೇನಾಪಡೆಯ ತುಕಡಿಯೊಂದು ಅಲ್ಲಿದೆ.

ಭಾನುವಾರ

ರೋಕ್‌ಫೋರ್‌ಗೆ ರೈಲು ನಿಲ್ದಾಣವಿರುವುದು ಪಕ್ಕದ ತೂರ್ನಮೀರ್ ಕೊಮ್ಯೂನಿನಲ್ಲಿ. ಅಲ್ಲಿ 1880ರ ದಶಕದಲ್ಲಿ ಗುಡ್ಡ ಕೊರೆದು ಮಾಡಿದ ಒಂದು ಸುರಂಗವಿದೆ, ಸುಮಾರು 1.9 ಕಿಲೋಮೀಟರು. ಆ ಮಾರ್ಗದಲ್ಲಿ ಈಗ ರೈಲಿಲ್ಲ. ಅಣುತ್ಯಾಜ್ಯವನ್ನು ಭೂಮಿಯಡಿ ಹೂಳಿದರೆ ಜೇಡಿ ಪದರ ಎಷ್ಟು ತಡೆಯುತ್ತದೆ ಎಂದು ತಿಳಿಯಲು ಪರಮಾಣು ಸುರಕ್ಷತೆಯ ಸರ್ಕಾರಿ ಸಂಸ್ಥೆ ಅದರೊಳಗೆ ಪ್ರಯೋಗ ನಡೆಸಿದೆ. ತ್ಯಾಜ್ಯ ತಂದಿಲ್ಲ, ಕಲ್ಲಿನ ಅಧ್ಯಯನ ಅಷ್ಟೇ. ನೀರು ಹಾಯದ ಪದರ ಒಂದು ಕಡೆ ಚೀಸಿಗೆ, ಇನ್ನೊಂದು ಕಡೆ ಇದಕ್ಕೆ. ಹೊರಗಿನಿಂದ ನೋಡಿ ಮುಂದೆ ಹೋದೆವು.

ಮಿಯೋ ಪಟ್ಟಣಕ್ಕೆ ಹೋಗುವ ರಸ್ತೆ ತಾರ್ನ್ ಕಣಿವೆಯಲ್ಲಿ ದೊಡ್ಡ ಸೇತುವೆಯ ಅಡಿಯಲ್ಲೇ ಹಾಯುತ್ತದೆ. 2004ರ ಡಿಸೆಂಬರಿನಲ್ಲಿ ತೆರೆದದ್ದು. 2,460 ಮೀಟರ್ ಉದ್ದ, ಏಳು ಕಂಬ, ತುದಿಯವರೆಗೆ 343 ಮೀಟರ್. ಇಂಜಿನಿಯರ್ ಮಿಷೆಲ್ ವಿರ್ಲೊಜೋ, ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್. ಅಪ್ಪ ಕತ್ತು ನೋಯುವಷ್ಟು ನೋಡಿ, ಟೋಲ್ ಎಷ್ಟು ಎಂದು ಕೇಳಿದರು.

ಮಿಯೋ ಒಂದು ಕಾಲದಲ್ಲಿ ಕೈಗವಸಿನ ರಾಜಧಾನಿ. ರೋಕ್‌ಫೋರ್‌ಗೆ ಹಾಲು ಬೇಕು, ಹಾಲು ಬೇಕೆಂದರೆ ಮರಿಗಳನ್ನು ಬೇಗ ತಾಯಿಯಿಂದ ಬಿಡಿಸಬೇಕು. ಆ ಎಳೆಮರಿಗಳ ತೆಳುಚರ್ಮವನ್ನು ಹದ ಮಾಡಿ ಇಲ್ಲಿ ಹೊಲಿಯುತ್ತಿದ್ದರು. ಮ್ಯೂಸಿಯಂನಲ್ಲಿಟ್ಟ ಗವಸುಗಳು ಈರುಳ್ಳಿ ಸಿಪ್ಪೆಯಷ್ಟು ತೆಳು. ಮರಿಗಳ ಕಥೆ ಕೇಳಿದ ಮೇಲೆ ಅಪ್ಪ ಅಲ್ಲಿ ಹೆಚ್ಚು ನಿಲ್ಲಲಿಲ್ಲ. ರೆನ್ನೆಟ್ಟೂ ಅಲ್ಲಿಂದಲೇ, ಗವಸೂ ಅಲ್ಲಿಂದಲೇ.

ಅವರಿಗೆ ಮಿಯೋದಲ್ಲಿ ನೋಡಬೇಕಿದ್ದದ್ದು ಒಂದೇ, ಮ್ಯಾಕ್‌ಡೊನಾಲ್ಡ್ಸ್. ಹಾರ್ಮೋನು ಹಾಕಿದ ಅಮೆರಿಕದ ದನದ ಮಾಂಸವನ್ನು ಯುರೋಪು ತಡೆದಿತ್ತು. ಅದಕ್ಕೆ ಪ್ರತಿಯಾಗಿ ಅಮೆರಿಕ 1999ರ ಜುಲೈನಲ್ಲಿ ರೋಕ್‌ಫೋರ್ ಸೇರಿದಂತೆ ಹಲವು ಪದಾರ್ಥಗಳ ಮೇಲೆ ಶೇ. 100 ಸುಂಕ ಹಾಕಿತು. ಆಗಸ್ಟ್ 12ರಂದು ಜೋಸೆ ಬೋವೆ ಮತ್ತು ಜೊತೆಗಾರರು, ಕುರಿ ಸಾಕುವ ರೈತರು, ಇಲ್ಲಿ ಕಟ್ಟುತ್ತಿದ್ದ ಮ್ಯಾಕ್‌ಡೊನಾಲ್ಡ್ಸನ್ನು ಕಳಚಿ ಟ್ರ್ಯಾಕ್ಟರಿಗೆ ತುಂಬಿದರು. ಬೋವೆ 1976ರಲ್ಲಿ ಲಾರ್ಜಾಕ್ ಹೋರಾಟಕ್ಕೆಂದು ಬಂದು ಅಲ್ಲೇ ನಿಂತು ರೈತನಾದವರು. ಮ್ಯಾಕ್‌ಡೊನಾಲ್ಡ್ಸ್ ಕಳಚುವುದಕ್ಕೆ ಎರಡು ತಿಂಗಳ ಹಿಂದೆ, ಜೂನ್‌ನಲ್ಲಿ, ಮೋಂಪೆಲಿಯೇಯ ಸಂಶೋಧನಾ ಕೇಂದ್ರವೊಂದರಲ್ಲಿ ಕುಲಾಂತರಿ ಭತ್ತದ ಸಸಿ ಕಿತ್ತ ಗುಂಪಿನಲ್ಲಿ ಬೋವೆ ಜೊತೆ ಭಾರತದ ರೈತರೂ ಇದ್ದರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಮುಂದೆ ನಿಂತು ಯುರೋಪಿಗೆ ಕರೆತಂದಿದ್ದ ರೈತರ ಕಾರವಾನ್ ಅದು. ನಮ್ಮ ಪಕ್ಕದೂರಿನ ಒಬ್ಬರು ಅದರಲ್ಲಿ ಬಂದು ಹೋಗಿದ್ದರು. ಅಪ್ಪನಿಗೆ ಅವಕಾಶವಿತ್ತು, ಅಡಿಕೆಗೆ ಔಷಧಿ ಹೊಡೆಸುವ ಕಾಲವೆಂದು ಬಿಟ್ಟರು.

“ಕೆಎಫ್‌ಸಿ ವಿಷಯದಲ್ಲಿ ಮೊದಲು ಕೈ ಹಾಕಿದ್ದು ನಾವು” ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಹೌದು, ಬೆಂಗಳೂರಿನ ಆ ಅಂಗಡಿಗೆ ರೈತ ಸಂಘದವರು ನುಗ್ಗಿದ್ದು 1996ರ ಜನವರಿ 30ರಂದು.

ಮಿಯೋದ ಮ್ಯಾಕ್‌ಡೊನಾಲ್ಡ್ಸ್ ಊರಿನ ಅಂಚಿನ ರಸ್ತೆಯಲ್ಲಿ, ಬೇರೆಲ್ಲ ಕಡೆ ಇರುವ ಹಾಗೇ ಇದೆ. ಭಾನುವಾರ ಮಧ್ಯಾಹ್ನ, ಕಾರುಗಳ ಸಾಲು ರಸ್ತೆಯವರೆಗೆ ಬಂದಿತ್ತು.

“ಇದನ್ನೇ ಏನೇ ಕಿತ್ತಿದ್ದು?”

“ಹೂಂ ಅಪ್ಪಾ. ಆಮೇಲೆ ಕಟ್ಟಿದ್ರು.”

“ನಮ್ಮದೂ ಅಷ್ಟೇ. ಈಗ ಶಿವಮೊಗ್ಗದಲ್ಲೂ ಇಂಥವೇ.” ಶಾಲು ಸರಿಮಾಡಿಕೊಂಡು ಬೋರ್ಡಿನ ಕೆಳಗೆ ನಿಂತರು, ಫೋಟೊ ತೆಗೆದೆ. ಫೋನು ಇಸಕೊಂಡು ನೋಡಿ, ಕಣ್ಣು ಮುಚ್ಚಿದೆ, ಇನ್ನೊಂದು ತೆಗೆ ಅಂದರು. ತೆಗೆದೆ. ಆಮೇಲೆ, “ಒಳಗೆ ಬಾತ್‌ರೂಮು ಇರುತ್ತಲ್ವಾ?” ಅಂದರು.

ಇತ್ತು. ಏನೂ ಕೊಳ್ಳದೆ ಬಳಸುವುದು ಅವರಿಗೆ ಸರಿಬರಲಿಲ್ಲ. ಎರಡು ಕಾಫಿ ತೆಗೆದುಕೊಂಡು, ಹೊರಗಿನ ಬೆಂಚಿನ ಮೇಲೆ ಕೂತು ಕುಡಿದು, ಸೆಂತಾಫ್ರಿಕ್ ದಾರಿ ಹಿಡಿದೆವು.